ಉಪ್ಪು ಬಂದ ಡಬ್ಬಿ

ನಮ್ಮ ಮನೆಯ ಪಡಸಾಲೆಯ ಗೋಡೆಗೆ ಮೂರು ಹಲಗೆ ಹೊಡೆಸಿದ್ದೇನೆ. ಅವುಗಳ ಮೇಲೆ ಹಳೆಯ ತಗಡಿನ ಡಬ್ಬಿಗಳಿವೆ. ಚಹಾ ಕಂಪನಿಯವು, ಬಿಸ್ಕೀಟಿನವು, ವನಸ್ಪತಿ ತುಪ್ಪದವು, ಇಂಗಿನವು, ಮಕ್ಕಳ ಹಾಲಿನ ಪುಡಿಯವು. ಒಂದು ಕಾಲಕ್ಕೆ ತಮ್ಮ ಮಾಲು ನಡೆಯಲಿ ಎಂದು ಕಂಪನಿಯವರು ಅಂಗಡಿಕಾರರಿಗೂ ಗಿರಾಕಿಗಳಿಗೂ ಪುಕ್ಕಟೆ ಕೊಟ್ಟ ಡಬ್ಬಿಗಳು ಇವು. ನಡುವಿನ ಹಲಗೆಯ ಮೇಲೆ, ಒಳಗೆ ಬಂದವರಿಗೆ ಮೊದಲು ಕಾಣುವ ಕಡೆ, ಒಂದು ಡಬ್ಬಿಯಷ್ಟು ಜಾಗ ಖಾಲಿ ಇದೆ. ಬಂದವರು ಯಾಕೆ ಎಂದು ಕೇಳುತ್ತಾರೆ. ಅಲ್ಲಿದ್ದದ್ದು ಒಡೆದುಹೋಯಿತು ಎನ್ನುತ್ತೇನೆ. ತಗಡಿನ ಡಬ್ಬಿ ಒಡೆಯುವುದಿಲ್ಲ ಎಂದು ಇದುವರೆಗೆ ಯಾರೂ ಹೇಳಿಲ್ಲ.

ಅಲ್ಲಿದ್ದ ಡಬ್ಬಿ ನನ್ನದಾಗಿರಲಿಲ್ಲ. ಅದು ನನ್ನ ಕೈಗೆ ಬಂದ ದಿನ ಮಾಡಿದ ಒಂದು ತಪ್ಪಿನಿಂದ ನನ್ನ ಅಕ್ಕ ತವರಿಗೆ ಬರುವುದನ್ನು ಬಿಟ್ಟಳು. ಆ ತಪ್ಪನ್ನು ನಾನು ಬಹಳ ದಿನ ಯಾರ ಮುಂದೆಯೂ ಹೇಳಲಿಲ್ಲ. ನಾನು ಓದಿದ್ದು ಐದನೆಯ ಇಯತ್ತೆಯವರೆಗೆ ಮಾತ್ರ. ಬರೆದು ರೂಢಿಯಿಲ್ಲ. ಆದ್ದರಿಂದ ನಡೆದದ್ದನ್ನು ನಡೆದಂತೆಯೇ ಹೇಳುತ್ತೇನೆ.

ನಮ್ಮೂರು ಇಂಡಿಯಲ್ಲಿ ಕಿರಾಣಿ ಸಾಮಾನಿನ ಹೋಲ್‌ಸೇಲ್ ವ್ಯಾಪಾರಿಯೊಬ್ಬರ ಗಾಡಿ ಓಡಿಸುವುದು ನನ್ನ ಕೆಲಸ. ಒಂದು ದಿನ ಸಿಂದಗಿ, ಒಂದು ದಿನ ಮುದ್ದೇಬಿಹಾಳ, ಒಂದು ದಿನ ಬಸವನ ಬಾಗೇವಾಡಿ. ಅಂಗಡಿಗಳ ಮುಂದೆ ಗಾಡಿ ನಿಲ್ಲಿಸಿ ಮಾಲು ಇಳಿಸಿ ಬರುತ್ತೇನೆ. ಡಬ್ಬಿ ಕೂಡಿಸುವ ಹುಚ್ಚು ಹತ್ತಿದ್ದು ಬಾಗೇವಾಡಿಯಲ್ಲಿ. ಅಲ್ಲೊಂದು ಹಳೆಯ ಅಂಗಡಿಯನ್ನು ಕೆಡವಿ ಹೊಸದಾಗಿ ಕಟ್ಟಿಸುತ್ತಿದ್ದರು. ಅಟ್ಟದ ಮೇಲಿದ್ದ ಸಾಮಾನನ್ನೆಲ್ಲ ರಸ್ತೆಗೆ ಹಾಕಿದ್ದರು. ಅದರಲ್ಲಿ ಒಂದು ದುಂಡನೆಯ ಬಿಸ್ಕೀಟಿನ ಡಬ್ಬಿ ಇತ್ತು. ಅದರ ಮೇಲೆ ಎರಡು ಜಡೆ ಹಾಕಿದ ಹುಡುಗಿ ಬಿಸ್ಕೀಟು ಕಚ್ಚುತ್ತಾ ನಗುತ್ತಿದ್ದಳು. ಅದನ್ನು ಎತ್ತಿಕೊಂಡು ಅಂಗಿಯ ತುದಿಯಿಂದ ಒರೆಸಿದೆ. ಧೂಳು ಹೋದ ಹಾಗೆ ಬಣ್ಣ ಮೇಲೆ ಬಂತು. ಹಳೆಯದೊಂದು ವಸ್ತು ಕೈಯಲ್ಲಿ ಹೊಸದಾಗುವುದನ್ನು ನಾನು ಮೊದಲು ನೋಡಿದ್ದು ಆಗ.

ಆಮೇಲೆ ಮಾಲು ಇಳಿಸಿದ ಕಡೆಯೆಲ್ಲ ಅಟ್ಟದ ಮೇಲೇನಿದೆ ಎಂದು ಕೇಳತೊಡಗಿದೆ. ಹೆಚ್ಚಿನವರು ಒಯ್ಯಿ ಎನ್ನುತ್ತಿದ್ದರು. ಮುದ್ದೇಬಿಹಾಳದ ಒಬ್ಬ ಹಿರಿಯ ಅಂಗಡಿಕಾರರು ಮಾತ್ರ ಪ್ರತಿ ಸಲ ಕಾಲೆಳೆಯುತ್ತಿದ್ದರು.

“ತುಂಬಿದ ಡಬ್ಬಿ ತಂದು ಕೊಟ್ಟು ಖಾಲಿ ಡಬ್ಬಿ ಒಯ್ತೀಯಲ್ಲೋ. ನಿನ್ನಷ್ಟು ಉಲ್ಟಾ ಮಂದಿ ನಮ್ಮ ಲೈನಿನ್ಯಾಗ ಯಾರೂ ಇಲ್ಲ ನೋಡು.”

ಹೆಂಡತಿಯ ದೂರು ಬೇರೆ. ಗೋಡೆ ತುಂಬ ಡಬ್ಬಿ, ಹಿಟ್ಟಿಡಲು ಒಂದು ಡಬ್ಬಿಯಿಲ್ಲ ಎಂದು ಅವಳು ಎದುರು ಮನೆಯವರಿಗೆ ಕೇಳುವಂತೆ ಹೇಳುತ್ತಿದ್ದಳು. ಅದು ಸುಳ್ಳಾಗಿರಲಿಲ್ಲ. ಹಲಗೆಯ ಮೇಲಿನ ಡಬ್ಬಿಗಳಲ್ಲಿ ಏನನ್ನೂ ಇಡಲು ನಾನು ಬಿಡುತ್ತಿರಲಿಲ್ಲ. ಇಟ್ಟರೆ ಬಣ್ಣ ಹೋಗುತ್ತದೆ, ತಗಡಿಗೆ ಜಂಗು, ಅಂದರೆ ತುಕ್ಕು, ಹಿಡಿಯುತ್ತದೆ. ತಿಂಗಳಿಗೊಮ್ಮೆ ಬಟ್ಟೆಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಎಲ್ಲವನ್ನೂ ನಾನೇ ಒರೆಸುತ್ತಿದ್ದೆ. ಡಬ್ಬಿಯ ಮೇಲಿನ ಇಂಗ್ಲಿಷು ನನಗೆ ಓದಲು ಬರುವುದಿಲ್ಲ. ಚಿತ್ರದಿಂದಲೇ ಅವುಗಳ ಗುರುತು.

ಇನ್ನು ಅವ್ವನ ಡಬ್ಬಿಯ ಸಂಗತಿ. ಅದು ಚೌಕಾಕಾರದ ಕೆಂಪು ಡಬ್ಬಿ. ಒಂದು ಚಹಾ ಕಂಪನಿಯದು. ಮುಚ್ಚಳ ತೆರೆದು ಮುಚ್ಚಲು ಹಿಂದಿನಿಂದ ಸಣ್ಣ ಬಿಜಾಗರಿ ಇತ್ತು. ಮುಂದೆ ಹಸಿರು ಸೀರೆಯ ಹೆಂಗಸೊಬ್ಬಳು ಕಿಟಲಿಯಿಂದ ಬಟ್ಟಲಿಗೆ ಚಹಾ ಬಗ್ಗಿಸುತ್ತಿದ್ದಳು. ಚಹಾದ ಧಾರೆ ದಾರದಂತೆ ತೆಳ್ಳಗೆ ಇಳಿಯುತ್ತಿತ್ತು. ಹಿಂದೆ ಯಾವಾಗಲೋ ಚಹಾಪುಡಿ ಕೊಂಡಾಗ ಇಂಡಿಯ ಅಂಗಡಿಯವರು ಅವ್ವನಿಗೆ ಕೊಟ್ಟದ್ದಂತೆ. ಅಕ್ಕನ ಮದುವೆಯಾದ ಮೊದಲ ವರ್ಷ, ನಾಗರ ಪಂಚಮಿಗೆ ಅವಳನ್ನು ಕರೆತರಲು ಆಗಲಿಲ್ಲ. ಅತ್ತೆಗೆ ಆರಾಮವಿರಲಿಲ್ಲ ಎಂದು ಕಳಿಸಲಿಲ್ಲ. ನಮ್ಮ ಕಡೆ ಪಂಚಮಿಗೆ ಬರಲಾಗದ ಮಗಳಿಗೆ ತವರಿನಿಂದ ಉಂಡಿ ಹೋಗಬೇಕು. ಅವ್ವ ಎಳ್ಳಿನುಂಡಿ, ಶೇಂಗಾದ ಉಂಡಿ, ತಂಬಿಟ್ಟಿನ ಉಂಡಿ ಕಟ್ಟಿ ಆ ಡಬ್ಬಿಯಲ್ಲಿ ತುಂಬಿ ಅಕ್ಕನ ಗಂಡನ ಊರಾದ ದೇವಣಗಾಂವಕ್ಕೆ ಹೋಗುವವರ ಕೈಯಲ್ಲಿ ಕಳಿಸಿದಳು.

ಉಂಡಿ ಹೋದ ಡಬ್ಬಿ ಖಾಲಿ ಬರಬಾರದು. ಇದು ಎಲ್ಲ ಮನೆಗಳಲ್ಲೂ ಇರುವ ರೂಢಿ. ಒಂದು ಹಿಡಿ ಏನಾದರೂ ಹಾಕಿ ಕಳಿಸುತ್ತಾರೆ. ಅಕ್ಕ ತೊಗರಿ ಹಾಕಿ ಕಳಿಸಿದಳು. ಅಂದಿನಿಂದ ಆ ಡಬ್ಬಿ ಹೋಗಿ ಬರತೊಡಗಿತು. ಅವ್ವನಿಗೂ ಅಕ್ಕನಿಗೂ ಅಕ್ಷರ ಬರುತ್ತಿರಲಿಲ್ಲ. ಫೋನು ಎರಡೂ ಮನೆಗಳಲ್ಲಿ ಇರಲಿಲ್ಲ. ಇದ್ದಿದ್ದರೂ ಅತ್ತೆ, ಮಾವ, ಮೈದುನರ ನಡುವೆ ನಿಂತು ಹೊಸ ಸೊಸೆ ಏನು ಮಾತಾಡಿಯಾಳು. ಅವರಿಬ್ಬರೂ ಆ ಒಂದು ಹಿಡಿಯಲ್ಲಿಯೇ ಮಾತು ಇಟ್ಟುಕೊಂಡಿದ್ದರು. ತೊಗರಿ ಬಂದರೆ ಎಲ್ಲ ಸರಿಯಿದೆ. ಬೆಲ್ಲದ ಹೆಂಟೆ ಬಂದರೆ ಸಿಹಿ ಸುದ್ದಿಯಿದೆ. ಕಾಳಿನ ಕೆಳಗೆ ಬಟ್ಟೆಯ ಗಂಟಿನಲ್ಲಿ ಉಪ್ಪು ಬಂದರೆ, ಕೂಡಲೇ ಬಂದು ನನ್ನನ್ನು ಕರೆದುಕೊಂಡು ಹೋಗಿ ಎಂದು ಅರ್ಥ.

ನನಗೆ ತಿಳಿದಂತೆ ಅವ್ವನ ಕಾಲದಲ್ಲಿ ಉಪ್ಪು ಎರಡು ಸಲ ಬಂತು. ಮೊದಲ ಸಲದ ಕಾರಣ ನನಗೆ ಹೇಳಲಿಲ್ಲ. ಎರಡನೆಯ ಸಲ ಅಕ್ಕನಿಗೆ ಕಾಮಾಲೆಯಾಗಿತ್ತು. ಎರಡು ಸಲವೂ ಅವ್ವ ಗಂಟು ಬಿಚ್ಚಿ ನೋಡಿ, ತಟ್ಟುತ್ತಿದ್ದ ರೊಟ್ಟಿಯನ್ನು ಅಲ್ಲಿಗೇ ಬಿಟ್ಟು, ಕೈ ತೊಳೆದುಕೊಂಡು ಬಸ್‌ಸ್ಟ್ಯಾಂಡಿಗೆ ನಡೆದಳು. ಎರಡನೆಯ ಸಲ ಜೊತೆಗೆ ಹೋದವನು ನಾನು. ಬಸ್ಸಿನಲ್ಲಿ ಕುಳಿತ ಮೇಲೆ ಕೇಳಿದೆ, ಉಪ್ಪೇ ಯಾಕೆ ಎಂದು.

“ಉಪ್ಪ ಯಾರೂ ಮನಿಂದ ಮನಿಗೆ ಕಳಸೂದಿಲ್ಲ” ಎಂದಳು ಅವ್ವ. “ಅದಕ್ಕ, ಉಪ್ಪ ಬಂತಂದ್ರ ಅದು ತಪ್ಪಿ ಬಂದದ್ದಲ್ಲ. ಹೋಗಬೇಕು.”

ಅಂದರೆ ನನಗೆ ಗೊತ್ತಿತ್ತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಅವ್ವ ಹೋದ ಮೇಲೆಯೂ ಡಬ್ಬಿ ನಿಲ್ಲಲಿಲ್ಲ. ಅಕ್ಕ ಪಂಚಮಿಗೆ ಬಂದ ವರ್ಷ ಹೋಗುವಾಗ ಉಂಡಿ ತುಂಬಿ ಅವಳ ಕೈಗೇ ಕೊಡುತ್ತಿದ್ದೆವು. ಬರದ ವರ್ಷ ಯಾರದಾದರೂ ಕೈಯಲ್ಲಿ ಕಳಿಸುತ್ತಿದ್ದೆವು. ಹೆಂಡತಿ ಉಂಡಿ ಕಟ್ಟುವಳು, ನಾನು ಮುಟ್ಟಿಸುವವನು. ತಿಂಗಳೊಪ್ಪತ್ತಿನಲ್ಲಿ ತೊಗರಿ ಹಾಕಿಕೊಂಡು ಡಬ್ಬಿ ವಾಪಸು ಬರುತ್ತಿತ್ತು. ಅಡುಗೆಮನೆಯ ಗೋಡೆಯ ಮಾಡದಲ್ಲಿ ಮುಂದಿನ ಪಂಚಮಿಯವರೆಗೆ ಇರುತ್ತಿತ್ತು. ಇಲ್ಲದಿದ್ದರೆ ಅಕ್ಕನ ಮನೆಯಲ್ಲೇ ತಿಂಗಳುಗಟ್ಟಲೆ ಉಳಿಯುತ್ತಿತ್ತು. ನಾನು ಅದನ್ನು ಸರಿಯಾಗಿ ನೋಡಿರಲೇ ಇಲ್ಲ. ಡಬ್ಬಿಯ ಹುಚ್ಚು ಹತ್ತಿದ ಮೇಲೆ ನೋಡಿದೆ. ನನ್ನ ಹಲಗೆಯ ಮೇಲೆ ಅಂಥದ್ದೊಂದೂ ಇರಲಿಲ್ಲ. ಚಿತ್ರ ಎಲ್ಲಿಯೂ ಗೀರಿರಲಿಲ್ಲ. ಬಿಜಾಗರಿ ಸಡಿಲಾಗಿರಲಿಲ್ಲ. ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಯ ಅಟ್ಟಗಳಲ್ಲೆಲ್ಲ ಹುಡುಕಿದರೂ ಅದರ ಜೋಡಿ ಸಿಗಲಿಲ್ಲ.

ಆಗ ಡಬ್ಬಿ ಅಕ್ಕನ ಮನೆಯಲ್ಲಿತ್ತು. ಅಷ್ಟರಲ್ಲಿ ಎರಡೂ ಮನೆಗಳಿಗೆ ಫೋನು ಬಂದಿತ್ತು, ಫೋನಿನಲ್ಲಿ ಕೇಳಿದೆ. ಆ ಡಬ್ಬಿ ನನಗೆ ಕೊಟ್ಟುಬಿಡು, ಉಂಡಿಗೆ ಬೇರೆ ಡಬ್ಬಿ ಕೊಳ್ಳೋಣ ಎಂದೆ.

“ಅದು ನಿಂದೂ ಅಲ್ಲ, ನಂದೂ ಅಲ್ಲ ತಮ್ಮಾ. ಹೋಗಿ ಬರೂ ಡಬ್ಬಿ ಅದು. ಹಲಗಿ ಮ್ಯಾಲ ಕುಂಡ್ರಿಸಿದ್ರ ಅದರಿಂದ ಏನ್ ಆಗ್ತದ?”

ನಾನು ಬಿಡಲಿಲ್ಲ. ಆ ವರ್ಷ ಫೋನು ಮಾಡಿದಾಗಲೆಲ್ಲ ಕೊನೆಗೆ ಅದನ್ನೇ ಕೇಳಿದೆ. ಪಂಚಮಿಗೆ ಅಕ್ಕ ಬರಲಿಲ್ಲ, ಮೈಯಲ್ಲಿ ಸರಿಯಿಲ್ಲ ಎಂದಳು. ಏನಾಗಿದೆ ಎಂದು ನಾನು ಕೇಳಲಿಲ್ಲ. ಡಬ್ಬಿ ಅವಳಲ್ಲೇ ಇತ್ತು. ಉಂಡಿಯನ್ನು ಸ್ಟೀಲಿನ ಡಬ್ಬಿಯಲ್ಲಿ ಕಳಿಸಿದೆವು.

ದೀಪಾವಳಿಗೆ ಇನ್ನೂ ಸ್ವಲ್ಪ ದಿನವಿದ್ದಾಗ ದೇವಣಗಾಂವದ ಒಬ್ಬರು ಲಿಂಬೆ ಸಸಿ ಕೊಳ್ಳಲು ಇಂಡಿಗೆ ಬಂದವರು ಬಸ್‌ಸ್ಟ್ಯಾಂಡಿನಿಂದ ಫೋನು ಮಾಡಿದರು. ಹೋದೆ. ಹಳೆಯ ಟವೆಲಿನಲ್ಲಿ ಸುತ್ತಿದ ಡಬ್ಬಿಯನ್ನು ನನ್ನ ಕೈಗಿಟ್ಟರು.

“ನಿಮ್ಮ ಅಕ್ಕಾರು ಕೊಟ್ಟಾರ್ರಿ. ಕೈಗೆ ಬಂದ ಕೂಡ್ಲೇ ತಗದು ನೋಡಂತ ಹೇಳು ಅಂದಾರ.”

ಅಕ್ಕ ಕೊನೆಗೂ ಒಪ್ಪಿದಳು ಎಂದುಕೊಂಡೆ. ಅವರು ಆಚೆ ಹೋಗುವುದನ್ನು ಕೂಡ ಕಾಯದೆ ಅಲ್ಲಿಯೇ ಬೇವಿನ ಮರದ ಕೆಳಗೆ ತೆಗೆದೆ. ಮೇಲೆ ಜೋಳವಿತ್ತು. ಕೈ ಹಾಕಿದೆ. ಕೆಳಗೆ ಬಟ್ಟೆಯ ಗಂಟು ಸಿಕ್ಕಿತು. ಗಂಟು ಒದ್ದೆಯಾಗಿತ್ತು. ಮೂಲೆಯಲ್ಲಿ ತಗಡು ಬೆಳ್ಳಗಾಗಿ, ಅದರ ನಡುವೆ ಗೋಧಿಕಾಳಿನಷ್ಟು ಕಂದು ಕಲೆ ಎದ್ದಿತ್ತು.

ಆಗ ನನಗೆ ಬಂದದ್ದು ಸಿಟ್ಟು. ಜಂಗು ಹಿಡಿಯಿತಲ್ಲ ಎನ್ನುವ ಸಿಟ್ಟು. ಜೋಳವನ್ನು ಟವೆಲಿಗೆ ಸುರಿದುಕೊಂಡೆ. ಗಂಟು ಬಿಚ್ಚಿ ಉಪ್ಪನ್ನು ಗಟಾರಕ್ಕೆ ಚೆಲ್ಲಿದೆ. ಕರವಸ್ತ್ರದಿಂದ ಡಬ್ಬಿಯ ಒಳಮೈಯನ್ನು ಒರೆಸಿ, ಮನೆಗೆ ಹೋಗಿ ಕೊಬ್ಬರಿ ಎಣ್ಣೆ ಹಚ್ಚಿ, ನಡುವಿನ ಹಲಗೆಯ ಮೇಲೆ ಇಟ್ಟೆ.

ಅವ್ವ ಹೇಳಿದ್ದು ನೆನಪಾಗಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಆಯಿತು. ಉಪ್ಪು ಚೆಲ್ಲುವಾಗಲೇ ಆಯಿತು. ಅದು ಅವ್ವನ ಕಾಲದ ಮಾತು, ಈಗ ಎಲ್ಲರ ಕೈಯಲ್ಲೂ ಫೋನಿದೆ, ಬೇಕಾದರೆ ಬಾಯಿಬಿಟ್ಟು ಹೇಳುತ್ತಾಳೆ ಎಂದುಕೊಂಡೆ. ಡಬ್ಬಿ ಕೇಳಿ ಕೇಳಿ ಬೇಸರ ಮಾಡಿದ್ದಕ್ಕೆ ಸಿಟ್ಟಿನಿಂದ ಹಾಕಿರಬೇಕು ಎಂದೂ ಅಂದುಕೊಂಡೆ. ಹೋಗದೆ ಇರುವುದಕ್ಕೆ ಕಾರಣ ಹುಡುಕಿದರೆ ಬೇಗ ಸಿಗುತ್ತದೆ. ಹೋದರೆ ಡಬ್ಬಿಯನ್ನೂ ಒಯ್ಯಬೇಕಾಗುತ್ತಿತ್ತು. ಅದು ಆಗ ಮನಸ್ಸಿನಲ್ಲಿ ಇರಲಿಲ್ಲ ಎಂದು ಹೇಳಲಾರೆ.

ಸಂಜೆ ಫೋನು ಮಾಡಿದೆ. ಫೋನು ಅಕ್ಕನ ಹಿರಿಯ ಮಗನದು. ಅವನು ಯಾವಾಗಲೂ ಸ್ಪೀಕರ್ ಹಚ್ಚಿ ಅಂಗಳದಲ್ಲಿ ಇಡುತ್ತಾನೆ. ಅಕ್ಕನ ಗಂಡ, ಇಬ್ಬರು ಮಕ್ಕಳು ಅಲ್ಲಿಯೇ ಇದ್ದರು. ಅತ್ತೆ ತೀರಿಕೊಂಡು ವರ್ಷಗಳಾಗಿದ್ದವು, ಸೊಸೆಯಂದಿರು ಇನ್ನೂ ಬಂದಿರಲಿಲ್ಲ. ಆ ಮನೆಯಲ್ಲಿ ಅವಳನ್ನು ಬಿಟ್ಟರೆ ಎಲ್ಲರೂ ಗಂಡಸರು.

“ಅಕ್ಕಾ, ತಗಡಿನ ಡಬ್ಯಾಗ ಯಾರರೆ ಉಪ್ಪ ಹಾಕ್ತಾರೇನು? ಜಂಗ್ ಹಿಡೀತದ.”

ಗೋದಲಿಯಲ್ಲಿ ಎಮ್ಮೆ ಮೇವು ಎಳೆಯುವ ಸದ್ದಿನ ನಡುವೆ ಅಕ್ಕನ ದನಿ ಬಂತು.

“ಹೌದೇನು? ನನಗ ತಿಳೀಲಿಲ್ಲ ತಮ್ಮಾ.”

ಆರಾಮ ಇದ್ದೀಯಲ್ಲ ಎಂದೆ. ಇದ್ದೇನೆ ಎಂದಳು. ನಡುವೆ ಅವಳ ಮಗ ಬಾಯಿ ಹಾಕಿ, “ಮಾವಾ, ನಿಮಗ ನಮ್ಮವ್ವನಕಿಂತ ಡಬ್ಬಿ ಚಿಂತೀನ ಭಾಳ ಆಗೇತಿ” ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಅಕ್ಕ ನಕ್ಕಳೋ ಇಲ್ಲವೋ ಫೋನಿನಲ್ಲಿ ಗೊತ್ತಾಗಲಿಲ್ಲ.

ಸಂಕ್ರಾಂತಿ ಮುಗಿದ ಮೇಲೆ ಅದೇ ಮಗ ವಿಜಯಪುರದ ಆಸ್ಪತ್ರೆಯಿಂದ ಫೋನು ಮಾಡಿದ. ಅಕ್ಕ ಹೊಲದಲ್ಲಿ ಜೋಳದ ಸಾಲಿನ ನಡುವೆ ಬಿದ್ದಿದ್ದಳು. ಗರ್ಭಕೋಶ ತೆಗೆಯಬೇಕು ಎಂದು ಡಾಕ್ಟರರು ಹೇಳಿದ್ದರು. ನಾನೂ ಹೆಂಡತಿಯೂ ಹೋದೆವು. ಪಂಚಮಿಗೆ ಮೊದಲಿನಿಂದಲೂ ಅವಳಿಗೆ ರಕ್ತ ಹೋಗುತ್ತಿತ್ತಂತೆ. ಗಂಡನ ಮುಂದೆ ಹೇಳಿದರೆ ಅವನಿಗೆ ತಿಳಿಯಲಿಲ್ಲ, ಮಕ್ಕಳ ಮುಂದೆ ಹೇಳುವಂಥದ್ದಲ್ಲ. ತವರಿಗೆ ಬಂದು ನನ್ನ ಹೆಂಡತಿಯ ಜೊತೆ ಲೇಡಿ ಡಾಕ್ಟರರಿಗೆ ತೋರಿಸಬೇಕು ಎಂದುಕೊಂಡಿದ್ದಳು. ಆಗಲೇ ತೋರಿಸಿದ್ದರೆ ಗುಳಿಗೆಯಲ್ಲಿಯೇ ಹೋಗಬಹುದಿತ್ತು ಎಂದು ಆಸ್ಪತ್ರೆಯಲ್ಲಿ ಹೇಳಿದರು. ಇದನ್ನೆಲ್ಲ ಅಕ್ಕ ನನ್ನ ಹೆಂಡತಿಗೆ ಹೇಳಿದ್ದು. ಹೆಂಡತಿ ವಾರ್ಡಿನಿಂದ ಹೊರಗೆ ಬಂದು ನನ್ನನ್ನು ಮೆಟ್ಟಿಲ ಹತ್ತಿರ ಕರೆದಳು.

“ಅಕ್ಕಾರು ದೀಪಾವಳಿ ಮುಂದ ಡಬ್ಬಿ ಕಳಿಸಿದ್ರಂತ. ಅದರಾಗ ಏನಿತ್ತು?”

“ಜೋಳ.”

“ಬರೇ ಜೋಳ?”

“ಬರೇ ಜೋಳ.”

ಅವಳಿಗೆ ಉಪ್ಪಿನ ಸಂಗತಿ ಗೊತ್ತಿರಲಿಲ್ಲ. ಅವ್ವ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಆದರೂ ಕೇಳಿದಳು. ಡಬ್ಬಿ ಎನ್ನುವಾಗ ಅಕ್ಕನ ಮುಖ ಹೇಗಿತ್ತೋ ಏನೋ.

ಆಪರೇಶನ್ನು ಆದ ಮೇಲೆ ನಾನು ಒಳಗೆ ಹೋದೆ. ಅಕ್ಕ ಕಣ್ಣು ತೆರೆದು, “ಡಬ್ಬಿಗೆ ಜಂಗ್ ಹತ್ತಲಿಲ್ಲಲ್ಲ?” ಎಂದು ಕೇಳಿದಳು. ಚುಚ್ಚಲಿಕ್ಕೆ ಕೇಳಿದಳೋ, ನಿಜವಾಗಿಯೇ ಕೇಳಿದಳೋ ಇಂದಿಗೂ ನನಗೆ ತಿಳಿದಿಲ್ಲ. ಇಲ್ಲ ಎಂದೆ.

ಅವಳು ಬದುಕಿದಳು. ಆದರೆ ಮೊದಲಿನ ಹಾಗೆ ಆಗಲಿಲ್ಲ. ನಾಲ್ಕು ರೊಟ್ಟಿ ತಟ್ಟಿದರೆ ಗೋಡೆಗೆ ಒರಗಿ ಕೂರುತ್ತಾಳೆ. ಮುಂದಿನ ಪಂಚಮಿಗೆ ಕರೆಯಲು ಹೋದೆ. ಬಸ್ಸು ಕುಲುಕುತ್ತದೆ, ಬರಲಾಗುವುದಿಲ್ಲ ಎಂದಳು. ಉಂಡಿಯನ್ನು ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕಳಿಸಿದೆವು. ಅದು ಹತ್ತು ದಿನದಲ್ಲಿ ವಾಪಸು ಬಂತು. ತೊಳೆದು, ಒರೆಸಿ, ಒಣಗಿಸಿದ ಡಬ್ಬಿ. ಒಳಗೆ ಒಂದು ಕಾಳೂ ಇರಲಿಲ್ಲ. ಹೆಂಡತಿ ಅದನ್ನು ಬೆಳಕಿಗೆ ಹಿಡಿದು ನೋಡಿದಳು. “ಖಾಲಿ ಕಳಿಸ್ಯಾರಲ್ರಿ” ಎಂದಳು. ಮರೆತಿರಬೇಕು ಎಂದೆ. ಮರುವರ್ಷವೂ ಖಾಲಿ ಬಂತು. ಆಗ ಅವಳು ಅದನ್ನು ನೋಡಿ ಮಾಡದಲ್ಲಿ ಇಟ್ಟಳು.

ಅಷ್ಟರಲ್ಲಿ ಕೆಂಪು ಡಬ್ಬಿ ನನ್ನ ಹಲಗೆಯ ಮೇಲೆ ಎರಡು ವರ್ಷ ಕುಳಿತಿತ್ತು. ನೋಡಿದವರೆಲ್ಲ ಮೊದಲು ಅದರ ಕಡೆ ಕೈ ಚಾಚುತ್ತಿದ್ದರು. ಮುದ್ದೇಬಿಹಾಳದ ಆ ಹಿರಿಯರು ಇಂಡಿಯ ಮದುವೆಯೊಂದಕ್ಕೆ ಬಂದವರು ನಮ್ಮ ಮನೆಗೂ ಬಂದರು. ಕನ್ನಡಕ ಹಾಕಿಕೊಂಡು ಡಬ್ಬಿಯ ತಳದ ಇಂಗ್ಲಿಷನ್ನು ಓದಿ ಹೇಳಿದರು. ಇದು ಮಾರುವುದಕ್ಕಲ್ಲ, ನಿಮ್ಮ ಅಡುಗೆಮನೆಗೆ ನಮ್ಮ ಕಾಣಿಕೆ ಎಂದು ಬರೆದಿತ್ತಂತೆ.

“ಅಡಗಿ ಮನಿಗೆ ಕೊಟ್ಟದ್ದನ್ನ ಪಡಸಾಲ್ಯಾಗ ಕುಂಡ್ರಿಸೀಯಲ್ಲೋ ಹುಚ್ಚಾ” ಎಂದು ನಕ್ಕರು. ಚಹಾ ಕುಡಿದು ಹೋದರು.

ಮೂರನೆಯ ಪಂಚಮಿಗೆ ಹೆಂಡತಿ ಪ್ಲಾಸ್ಟಿಕ್ ಡಬ್ಬಿಯನ್ನು ತೊಳೆದು ಇಟ್ಟಿದ್ದಳು. ನಾನು ಹಲಗೆಯಿಂದ ಕೆಂಪು ಡಬ್ಬಿಯನ್ನು ಇಳಿಸಿ ಅವಳ ಮುಂದಿಟ್ಟೆ. ಅವಳು ನನ್ನ ಮುಖ ನೋಡಿದಳು. ಆಮೇಲೆ ಒಂದೊಂದೇ ಉಂಡಿ ಇಟ್ಟು ತುಂಬಿದಳು. ಯಾರ ಕೈಯಲ್ಲಿಯೂ ಕಳಿಸದೆ ನಾನೇ ದೇವಣಗಾಂವಕ್ಕೆ ಹೋದೆ.

ಅಕ್ಕ ಒಲೆಯ ಮುಂದೆ ಮಣೆಯ ಮೇಲೆ ಕುಳಿತಿದ್ದಳು. ಗಂಡ, ಮಕ್ಕಳು ಹೊಲಕ್ಕೆ ಹೋಗಿದ್ದರು. ಡಬ್ಬಿಯನ್ನು ನೋಡಿದಳು. ಉಂಡಿಗಳನ್ನು ತಾಟಿಗೆ ತೆಗೆದಿಟ್ಟಳು, ಸೆರಗಿನಿಂದ ಡಬ್ಬಿಯ ಒಳಗೆ ಒರೆಸಿದಳು. ಎಣ್ಣೆಯ ಜಿಡ್ಡು ಸೆರಗಿಗೆ ಹತ್ತಿತು. ಅದನ್ನು ಮೂಸಿ ನೋಡಿದಳು.

“ಅಕ್ಕಾ, ಉಪ್ಪ ಬಂದದ್ದು ನಾ ನೋಡಿದ್ದೆ” ಎಂದೆ. “ಅದರ ಅರ್ಥಾನೂ ಗೊತ್ತಿತ್ತು.”

“ಗೊತ್ತಿತ್ತಂತ ನನಗೂ ಗೊತ್ತದ. ಅವತ್ತ ಫೋನ್ ಮಾಡಿ ಜಂಗಿನ ಸುದ್ದಿ ತಗದೀಯಲ್ಲ, ಆಗ ಗೊತ್ತಾತು.”

ಅವಳು ನೆಲಕ್ಕೆ ಕೈಯೂರಿ ಎದ್ದಳು. ಮೂಲೆಯಲ್ಲಿದ್ದ ಭರಣಿಯನ್ನು ತಂದು ಅದರಲ್ಲಿದ್ದ ಹರಳುಪ್ಪನ್ನೆಲ್ಲ ಡಬ್ಬಿಗೆ ಸುರಿದಳು. ಕೆಳಗೆ ಬಿದ್ದ ಹರಳುಗಳನ್ನು ಬೆರಳಿನಿಂದ ಕೂಡಿಸಿ ಅವನ್ನೂ ಹಾಕಿದಳು. ಮುಚ್ಚಳ ಒತ್ತಿ ಒಲೆಯ ಪಕ್ಕಕ್ಕೆ, ಸಾರಿನ ಗಡಿಗೆಯ ಹತ್ತಿರ ಇಟ್ಟಳು.

“ಇನ್ನ ಇದನ್ನ ಕಳಸೂದಿಲ್ಲ. ನೀನ ಬಂದು ನೋಡು.”

ಚಹಾ ಮಾಡಿಕೊಟ್ಟಳು. ಕುಡಿದು ಬಂದೆ.

ಈಗ ಸಿಂದಗಿಯ ಮಾಲು ಬೇಗ ಇಳಿದ ದಿನ ಗಾಡಿಯನ್ನು ದೇವಣಗಾಂವಕ್ಕೆ ತಿರುಗಿಸುತ್ತೇನೆ. ತಿಂಗಳಿಗೊಮ್ಮೆಯಾದರೂ ಆಗುತ್ತದೆ. ಅಕ್ಕ ನನ್ನನ್ನು ಒಲೆಯ ಹತ್ತಿರವೇ ಕೂರಿಸುತ್ತಾಳೆ. ಮಳೆ, ತೊಗರಿ, ಮಕ್ಕಳಿಗೆ ನೋಡಿದ ಕನ್ಯೆ ಎಂದು ಮಾತಾಡುತ್ತೇವೆ. ಡಬ್ಬಿಯ ಮಾತು ಬರುವುದಿಲ್ಲ. ಮೊದಲು ಬಿಜಾಗರಿ ಹೋಯಿತು. ಮುಚ್ಚಳ ಈಗ ಬೇರೆಯೇ ಇದೆ. ಮಳೆಗಾಲದಲ್ಲಿ ಉಪ್ಪು ನೀರಾಗಿ ತಳದಿಂದ ಜಂಗು ಮೇಲೇರಿತು. ಹಸಿರು ಸೀರೆಯ ಅಂಚು ಕಾಣಿಸದಾಯಿತು. ಆಮೇಲೆ ಬಟ್ಟಲು ಹೋಯಿತು. ಕಳೆದ ಸಲ ನೋಡಿದಾಗ ಚಹಾದ ಧಾರೆ ಅರ್ಧ ಉಳಿದಿತ್ತು. ಎದುರಿನ ಮಾಡದಲ್ಲಿಯೇ ಕೊಬ್ಬರಿ ಎಣ್ಣೆಯ ಬಾಟಲಿ ಇರುತ್ತದೆ. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ನಾನು ಮುಟ್ಟುವುದಿಲ್ಲ.

ಕಳೆದ ಸಲ ಹೆಂಡತಿಯೂ ಜೊತೆಗೆ ಬಂದಿದ್ದಳು. ಪಲ್ಯಕ್ಕೆ ಉಪ್ಪು ಹಾಕು ಎಂದು ಅಕ್ಕ ಹೇಳಿದಳು. ಹೆಂಡತಿ ಮುಚ್ಚಳ ಎತ್ತಿ ಒಳಗೆ ನೋಡಿದಳು. ಆಮೇಲೆ ಡಬ್ಬಿಯ ಹೊರಮೈಯನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಮನೆಯಲ್ಲಿ ಒಂದು ಹಿಡಿ ಹಿಟ್ಟು ಇಡಲು ಕೂಡ ಬಿಡದವನು, ಆ ಡಬ್ಬಿ ಉಪ್ಪಿನಲ್ಲಿ ಕರಗುತ್ತಿದ್ದರೂ ಬಾಯಿಬಿಡದೆ ಕುಳಿತಿದ್ದೆ. ಅವಳು ಉಪ್ಪು ಹಾಕಿ, ಕೈ ತೊಳೆದುಕೊಂಡಳು.

ವಾಪಸು ಬರುವಾಗ ಗಾಡಿಯಲ್ಲಿ ಅರ್ಧ ದಾರಿಗೆ ಅವಳು ನನ್ನ ಕಡೆ ತಿರುಗಿದಳು.

“ಅವತ್ತ ಜೋಳದ ಜೋಡಿ ಉಪ್ಪೂ ಬಂದಿತ್ತಲ್ಲ?” ಎಂದಳು.

ಬಂದಿತ್ತು ಎಂದೆ. ಅದರ ಅರ್ಥವೇನು ಎಂಬುದನ್ನೂ, ಅವ್ವ ಬಸ್ಸಿನಲ್ಲಿ ಹೇಳಿದ್ದನ್ನೂ, ಗಟಾರಕ್ಕೆ ಚೆಲ್ಲಿದ್ದನ್ನೂ ಹೇಳಿದೆ. ಇಂಡಿ ಬರುವವರೆಗೂ ಹೇಳಿದೆ. ಅವಳು ಕಿಟಕಿಯ ಕಡೆ ಮುಖ ಮಾಡಿಕೊಂಡು ಕೇಳಿದಳು. ಮನೆಯ ಮುಂದೆ ಗಾಡಿ ನಿಂತ ಮೇಲೆ ಇಳಿಯುತ್ತಾ ಹೇಳಿದಳು:

“ಬರೂ ಪಂಚಮಿಗೆ ನಾ ಹೋಗಿ ಕರೀತೇನಿ. ನೀವು ಬರಬ್ಯಾಡ್ರಿ.”

ಪಂಚಮಿಗೆ ಇನ್ನೂ ಎರಡು ತಿಂಗಳಿದೆ. ಮರುದಿನ ಅವಳು ಹಲಗೆಯಿಂದ ಬಿಸ್ಕೀಟಿನ ದುಂಡನೆಯ ಡಬ್ಬಿಯನ್ನು ಇಳಿಸಿ, ನನ್ನನ್ನು ಕೇಳದೆ, ಅದರಲ್ಲಿ ಜೋಳದ ಹಿಟ್ಟು ತುಂಬಿದಳು.